ಮೂರು ಕೂಗು

ಹೆಣ ಮಲಗಿಸಿದ್ದ ತಟ್ಟೆ ಗಾಲಿಗಳ ಮೇಲೆ ಸರಿದು ಕುಲುಮೆಯ ಬಾಯೊಳಗೆ ಹೋಗಿ ನಿಂತಿತು. ಚಿತಾಗಾರದ ಆಪರೇಟರು ಕಬ್ಬಿಣದ ಬಾಗಿಲು ಇಳಿಸಲು ಹಿಡಿಕೆಗೆ ಕೈ ಹಾಕಿದ್ದೇ ತಡ, ಗುಂಪಿನೊಳಗಿಂದ ಒಬ್ಬ ಮುದುಕ ದಡಬಡನೆ ಮುಂದೆ ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ತಡಿಯಪ್ಪಾ. ಇನ್ನೂ ಕೂಗಿಲ್ಲ."

"ಏನು ಕೂಗಿಲ್ಲ?"

"ಹೆಸರು. ಒಳಗೆ ಹೋದವರ ಹೆಸರು ಕೂಗದೆ ಯಾವ ಯಂತ್ರಾನೂ ಶುರು ಮಾಡೋ ಹಾಗಿಲ್ಲ. ಇದು ಅವರದ್ದೇ ಕಾನೂನು."

ಆಪರೇಟರು ಕಣ್ಣು ಪಿಳಿಪಿಳಿ ಬಿಟ್ಟ. ಪಾಪ, ಆ ಜಾಗದಲ್ಲಿ ನಿಂತು ಅವನು ನೋಡದ ಜನವಿರಲಿಲ್ಲ. ಮೂರ್ಛೆ ಹೋಗುವವರು, ಆಸ್ತಿಗೆ ಜಗಳ ತೆಗೆಯುವವರು, ಹೆಣದ ಜೊತೆ ಫೋಟೊ ಹಿಡಿಸಿಕೊಳ್ಳುವವರು, ಎಲ್ಲರನ್ನೂ ನೋಡಿದ್ದ. ಸತ್ತವನನ್ನು ಹೆಸರು ಹಿಡಿದು ಕೂಗುತ್ತೇವೆ ಅನ್ನುವವರು ಮಾತ್ರ ಇವತ್ತೇ ಸಿಕ್ಕಿದ್ದು.

ಮುದುಕ ಸೋಪಿನ ಕಾರ್ಖಾನೆಯ ಮೇಸ್ತ್ರಿ. ಹಿಂದೆ ನಿಂತಿದ್ದವರೆಲ್ಲ ಅದೇ ಕಾರ್ಖಾನೆಯವರು, ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೆಟ್ಟಗೆ ಇಲ್ಲಿಗೆ ಬಂದವರು. ತಟ್ಟೆಯ ಮೇಲೆ ಮಲಗಿದ್ದವನು ಅಲ್ಲಿಯ ಸೇಫ್ಟಿ ಆಫೀಸರು, ಮೂವತ್ತೊಂದು ವರ್ಷ ಅವರ ಜೀವಕ್ಕೆ ಕಾವಲಿದ್ದವನು. ಅಲ್ಲಿ ಸೋಪು ಕಲಸುವ ಡ್ರಮ್ಮು ಆಳೆತ್ತರದ್ದು, ಒಳಗೆ ನಾಲ್ಕು ಕಬ್ಬಿಣದ ರೆಕ್ಕೆಗಳು. ಪಾಳಿ ಬದಲಾಗುವಾಗ ಇಬ್ಬರು ಒಳಗಿಳಿದು ಅಂಟಿದ್ದನ್ನು ಕೆರೆದು ತೆಗೆಯಬೇಕು. ಇಳಿಯುವ ಮುಂಚೆ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಹಾಕಿಕೊಳ್ಳಬೇಕು ಅನ್ನುವುದು ಎಲ್ಲ ಕಾರ್ಖಾನೆಗಳ ನಿಯಮ. ಈ ಮನುಷ್ಯನಿಗೆ ಅಷ್ಟು ಸಾಲದು. ಬೀಗ ತೆಗೆದ ಮೇಲೂ ಡ್ರಮ್ಮಿನ ಬಾಯಿಗೆ ಬಂದು, ಒಬ್ಬೊಬ್ಬರ ಹೆಸರನ್ನೂ ಮೂರು ಮೂರು ಸಲ ಕೂಗಿ, ಇಪ್ಪತ್ತರವರೆಗೆ ಎಣಿಸಿ, 'ಒಳಗೆ ಯಾರೂ ಇಲ್ಲ' ಅಂತ ಗಟ್ಟಿಯಾಗಿ ಹೇಳಿದ ಮೇಲೆಯೇ ಗುಂಡಿ ಒತ್ತಬೇಕು. ಕೂಗಿದವನೇ ಹೇಳಬೇಕು, ಬೇರೆಯವರು ಹೇಳಿದರೆ ನಡೆಯುವುದಿಲ್ಲ. ದಿನಕ್ಕೆ ಒಂಬತ್ತು ನಿಮಿಷ ಹಾಳು ಅಂತ ಮೇಲಿನವರು ತಲೆ ಚಚ್ಚಿಕೊಂಡರು. ಅವನು ಜಗ್ಗಲಿಲ್ಲ. ಬೀಗ ಹಾಕೋದನ್ನ ಮನುಷ್ಯ ಮರೀಬಹುದು ಸಾರ್, ತನ್ನ ಹೆಸರು ಮರೆಯಲ್ಲ ಅಂದ. ಅವತ್ತಿನಿಂದ ಅವನಿಗೆ ಕೂಗುಮಾರಿ ಅಂತಲೇ ಹೆಸರು ಬಿತ್ತು.

"ಅಕ್ಕಾವ್ರೆ," ಅಂತ ಮೇಸ್ತ್ರಿ ಸತ್ತವನ ಹೆಂಡತಿಯ ಕಡೆ ತಿರುಗಿದ. "ನೀವು ಕೂಗಿ. ಯಾರು ಕರೆದ್ರೆ ಖಂಡಿತ ಓಗೊಡ್ತಾರೋ ಅವರೇ ಕೂಗ್ಬೇಕು. ಅದೂ ಅವರೇ ಹೇಳಿದ್ದು."

ಆಕೆ ಬೆಂಚಿನ ಮೇಲೆ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ, ಒಂದು ಲೋಟ ನೀರೂ ಕುಡಿದಿರಲಿಲ್ಲ. ತಲೆಯೆತ್ತದೆ ಅಂದಳು:

"ನಾನು ಕರೆದ್ರೆ ಯಾವತ್ತು ಬಂದಿದ್ದಾರೆ? ಊಟಕ್ಕೆ ಕರೆದ್ರೂ ಅರ್ಧ ಗಂಟೆ. ಅವಳು ಕೂಗಲಿ."

ಅವಳು ಅಂದರೆ ಮಗಳು. ಕಂಬಕ್ಕೆ ಒರಗಿ ನಿಂತಿದ್ದ ಮಗಳು ನೆಟ್ಟಗಾದಳು. ಕಾರ್ಖಾನೆಯವರೆಲ್ಲರ ಕಣ್ಣುಗಳು ಒಮ್ಮೆಗೇ ಅವಳ ಮೇಲೆ ಬಿದ್ದವು, ಒಮ್ಮೆಗೇ ನೆಲಕ್ಕೆ ಇಳಿದವು. ಅಪ್ಪನ ಜೊತೆ ಅವಳು ಮಾತು ಬಿಟ್ಟು ಎರಡು ವರ್ಷವಾಗಿತ್ತು ಅನ್ನುವುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ?

"ನಾನು ಕೂಗಲ್ಲ," ಅಂದಳು. "ನನ್ನ ಕೈಲಾಗಲ್ಲ ಅಮ್ಮ. ಯಾವ ಬಾಯಲ್ಲಿ ಕೂಗ್ಲಿ?"

ಅಷ್ಟರಲ್ಲಿ ಅವಳಿಗೆ ಎಲ್ಲೋ ಸಣ್ಣಗೆ ಕೆರೆಯುವ ಸದ್ದು ಕೇಳಿಸಿತು. ಕರ್, ಕರ್. ಡ್ರಮ್ಮಿನೊಳಗೆ ಸೋಪು ಕೆರೆಯುವಾಗ ಬರುವಂಥದ್ದೇ ಸದ್ದು. ಚಿಕ್ಕಂದಿನಲ್ಲಿ ಕಾರ್ಖಾನೆಯ ಗೇಟಿನಲ್ಲಿ ನಿಂತು ಎಷ್ಟು ಸಲ ಕೇಳಿದ್ದಳೋ! ಸುತ್ತ ನೋಡಿದಳು. ಬೇರೆ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ತಲೆ ಕೆಟ್ಟಿದೆ ನನಗೆ ಅಂದುಕೊಂಡು ಸೆರಗನ್ನು ಕಿವಿಗೆ ಒತ್ತಿ ಹಿಡಿದಳು.

*

ಏಳು ವರ್ಷದವಳಿದ್ದಾಗ ಒಂದು ಭಾನುವಾರ ಅವಳು ಅಟ್ಟದ ಮೇಲಿನ ಟ್ರಂಕಿನಲ್ಲಿ ಅಡಗಿ ಕೂತಿದ್ದಳು. ಅಪ್ಪ ಹಾಸಿಗೆಗಳನ್ನು ಒಳಗಿಟ್ಟು ಟ್ರಂಕು ಮುಚ್ಚಬೇಕಿತ್ತು. ಮನೆಯಲ್ಲೂ ಅದೇ ಚಾಳಿ. ಬಟ್ಟೆ ಒಗೆಯುವ ಯಂತ್ರಕ್ಕೂ ಬಗ್ಗಿ 'ಯಾರಿದ್ದೀರಿ?' ಅಂತ ಕೇಳಿಯೇ ಗುಂಡಿ ಒತ್ತುವವನು. ಅಮ್ಮ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

"ಪುಟ್ಟೀ," ಅಂತ ಕೂಗಿದ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗು ತಡೆದಳು. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗಿದ. ಎಣಿಸಿದ. ಅವಳು ಉಸಿರು ಬಿಗಿಹಿಡಿದಳು. ಇವತ್ತು ಅಪ್ಪನನ್ನು ಸೋಲಿಸಿಯೇ ಸೈ.

ಅಪ್ಪ ಟ್ರಂಕು ಮುಚ್ಚಲಿಲ್ಲ. ಮೇಲಿದ್ದ ಕಂಬಳಿಯನ್ನು ತೆಗೆದು ಪಕ್ಕಕ್ಕಿಟ್ಟ. ಅದರ ಕೆಳಗಿನ ಹಳೆಯ ಸೀರೆ ತೆಗೆದ. ಒಂದೊಂದೇ, ಒಂದೊಂದೇ ತೆಗೆಯುತ್ತ ಬಂದು ಕೊನೆಗೆ ಅವಳ ತಲೆಗೂದಲು ಮುಟ್ಟಿದ. ಬೈಯುತ್ತಾನೆ ಅಂದುಕೊಂಡಿದ್ದಳು. ಬೈಯಲಿಲ್ಲ. ಎತ್ತಿ ಎದೆಗೆ ಅವಚಿಕೊಂಡ. ಅವನ ಅಂಗೈ ತಣ್ಣಗೆ ಒದ್ದೆಯಾಗಿತ್ತು.

"ಕರೆದಾಗ ಓಗೊಡಬೇಕು ಕಣಮ್ಮಾ," ಅಂದ. "ಆಟಕ್ಕಾದ್ರೂ ಸರಿ, ಕೋಪಕ್ಕಾದ್ರೂ ಸರಿ. ಓಗೊಡದೆ ಇರಬಾರದು."

"ಯಾರಾದ್ರೂ ಡ್ರಮ್ಮಲ್ಲಿ ಸಿಕ್ಕಿ ಸತ್ತುಹೋಗಿದ್ರಾ ಅಪ್ಪ?"

"ಇಲ್ಲ. ಯಾರಿಗೂ ಏನೂ ಆಗಿಲ್ಲ."

"ಮತ್ತೆ ಯಾಕೆ ಕೂಗ್ತೀಯ?"

ಅಪ್ಪ ಅವಳನ್ನು ಕೆಳಗಿಳಿಸಿದ. ಆಮೇಲೆ ಇಷ್ಟೇ ಅಂದ: "ಏನೂ ಆಗಿಲ್ವಲ್ಲ, ಅದಕ್ಕೇ."

*

"ಹನ್ನೊಂದು ಗಂಟೆಗೆ ಇನ್ನೊಂದು ಬರುತ್ತೆ," ಅಂತ ಆಪರೇಟರು ಗಡಿಯಾರ ನೋಡಿದ. "ಎರಡು ದಿನ ರಿಪೇರಿಗೆ ನಿಲ್ಸಿದ್ರು. ಇವತ್ತು ತಣ್ಣನೆ ಕುಲುಮೆ, ಕಾಯೋದಕ್ಕೇ ಹೊತ್ತು ಹಿಡಿಯುತ್ತೆ. ಬೇಗ ಏನಾದ್ರೂ ಮಾಡಿ."

"ಬೇಗ ಅಂತೆ!" ಕಾರ್ಖಾನೆಯ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಈ ಮನುಷ್ಯನ ಮುಂದೆ ಬೇಗ ಅನ್ನೋ ಮಾತಾಡಿದ್ರೆ ಎದ್ದು ಕೂತಾರು, ಹುಷಾರು."

"ಊರಲ್ಲೆಲ್ಲ ಕೂಗುಮಾರಿ ಕರೆದಾಗ ಓಗೊಟ್ಟವನು ಸಾಯ್ತಾನೆ ಅಂತಾರೆ," ಅಂದ ಇನ್ನೊಬ್ಬ. "ನಮ್ಮ ಕೂಗುಮಾರಿ ಲೆಕ್ಕ ಉಲ್ಟಾ. ಓಗೊಟ್ಟವನು ಬದುಕ್ತಾನೆ. ನಾನು ಒಂದ್ಸಲ ಡ್ರಮ್ಮಲ್ಲೇ ತೂಕಡಿಸಿಬಿಟ್ಟಿದ್ದೆ, ಗೊತ್ತಾ? ಬೀಗಾನೂ ಹಾಕಿರ್ಲಿಲ್ಲ. ಮೂರನೇ ಕೂಗಿಗೆ ಎಚ್ಚರ ಆಯ್ತು, ಇನ್ನೂ ಕೆರೀತಿದ್ದೀನಿ ಅಂತ ಓಗೊಟ್ಟೆ."

"ಯಾವಾಗಯ್ಯಾ? ಇಷ್ಟು ದಿನ ಹೇಳೇ ಇಲ್ವಲ್ಲ!"

"ಹೇಳಿದ್ರೆ ನನ್ನ ಹೆಸರು ಬರ್ಕೊಂಡ್ಬಿಡ್ತಿದ್ರಲ್ಲ. ಯಾರಿಗೂ ಹೇಳ್ಲಿಲ್ಲ. ಅವರಿಗೂ ಹೇಳ್ಲಿಲ್ಲ."

ಮಗಳ ಗಂಡ ಗೋಡೆಯ ಬದಿಗೆ ಒಬ್ಬನೇ ನಿಂತಿದ್ದ. ಈ ಜನರ ಜೊತೆ ಆರು ವರ್ಷ ದುಡಿದವನು, ಈಗ ಅವರ ಮುಖ ನೋಡಲಾರದೆ ಚಪ್ಪಲಿಯ ತುದಿ ನೋಡುತ್ತಿದ್ದ. ಹೆಂಡತಿ ಪಕ್ಕಕ್ಕೆ ಬಂದಾಗ ಮೆಲ್ಲಗೆ ಅಂದ:

"ಕೂಗ್ಬಿಡು. ನನ್ನ ಮುಖ ನೋಡಿ ಸುಮ್ನೆ ಇರಬೇಡ."

"ನಿನಗೋಸ್ಕರಾನೇ ಅಲ್ವಾ ಮಾತು ಬಿಟ್ಟಿದ್ದು?"

"ನಾನು ಬಿಡು ಅಂತ ಹೇಳಿದ್ನಾ?" ಅಂದ. ಹೇಳಿರಲಿಲ್ಲ, ನಿಜ. ಬೇಡ ಅಂತಲೂ ಹೇಳಿರಲಿಲ್ಲ.

*

ಗಂಡ ಕೆಲಸ ಮಾಡುತ್ತಿದ್ದುದು ಸೋಪಿಗೆ ಅಚ್ಚು ಒತ್ತುವ ಯಂತ್ರದಲ್ಲಿ. ಮುಂದಿನ ಜಾಲರಿ ಬಾಗಿಲು ಮುಚ್ಚಿದರೆ ಮಾತ್ರ ಅಚ್ಚು ಇಳಿಯಬೇಕು, ಹಾಗೆ ಒಂದು ಸಣ್ಣ ಸ್ವಿಚ್ಚು ಇಟ್ಟಿದ್ದರು. ಪ್ರತಿ ಸಲ ತೆಗೆದು ಮುಚ್ಚುತ್ತ ಕೂತರೆ ದಿನದ ಗುರಿ ಮುಟ್ಟುವುದು ಯಾವ ಕಾಲಕ್ಕೆ? ಅವನು ಆ ಸ್ವಿಚ್ಚನ್ನು ತಾಮ್ರದ ತಂತಿಯಿಂದ ಬಿಗಿದು ಕಟ್ಟಿದ. ಬಾಗಿಲು ತೆರೆದೇ ಇದ್ದರೂ ಯಂತ್ರಕ್ಕೆ ಮುಚ್ಚಿದೆ ಅಂತಲೇ ಲೆಕ್ಕ. ತಪ್ಪು ಅವನೊಬ್ಬನದೇ ಅಲ್ಲ, ಮೇಲ್ವಿಚಾರಕನೂ ಕಂಡೂ ಕಾಣದ ಹಾಗಿದ್ದ.

ಮಾವ ಮೇಲಿನವರಿಗೆ ಬರೆದುಹಾಕಿದ. ಹೆಸರು ಸಮೇತ. ಅಳಿಯನ ಕೆಲಸ ಹೋಯಿತು.

"ಸ್ವಂತ ಅಳಿಯ ಕಣಪ್ಪಾ!" ಅಂತ ಅವಳು ಅವತ್ತು ಅಪ್ಪನ ಮನೆಯ ಹಜಾರದಲ್ಲಿ ನಿಂತು ಕಿರುಚಿದ್ದಳು. "ಮನೇಲಿ ಕರೆದು ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಎರಡು ಸಲ ಹೇಳಿದ್ದೆ ಕಣಮ್ಮಾ. ಬಿಚ್ಚಿ ಮತ್ತೆ ಕಟ್ಟಿದ. ಕೆಲಸದಿಂದ ತೆಗೀತಾರೆ ಅಂತ ನನಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಬರೀತಿರ್ಲಿಲ್ವಾ?"

ಅಪ್ಪ ಸುಳ್ಳು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಹಾಳಾದ ಮನುಷ್ಯನಿಗೆ ಸುಳ್ಳು ಬರುತ್ತಿರಲಿಲ್ಲ. "ಬರೀತಿದ್ದೆ," ಅಂದ.

ಆಮೇಲೆ ಫೋನು ಮಾಡಿದ, ಅವಳು ಎತ್ತಲಿಲ್ಲ. ಕಳೆದ ತಿಂಗಳು ಮನೆಗೇ ಬಂದ. ಬಾಗಿಲು ತಟ್ಟಲಿಲ್ಲ. ಹೊರಗೆ ನಿಂತು ಕೂಗಿದ.

"ಪುಟ್ಟೀ."

ಅವಳು ಬಾಗಿಲ ಹಿಂದೆಯೇ ಇದ್ದಳು. ಕೈಯಲ್ಲಿ ಪೊರಕೆ ಇತ್ತು. ನಡುವೆ ಇದ್ದದ್ದು ಒಂದು ಹಲಗೆ ಅಷ್ಟೆ. ಮೂರು ಸಲ ಕೂಗಿದ. ಅವಳಿಗೆ ಅವನ ಉಸಿರಾಟ ಕೂಡ ಕೇಳಿಸುತ್ತಿತ್ತು. ಚಿಲಕದ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅನುಭವಿಸಲಿ, ಅಂತ ಅಂದುಕೊಂಡಳು. ಆ ಮಾತನ್ನು ಅಂದುಕೊಂಡದ್ದು ಅವಳಿಗೆ ಈಗಲೂ ಸರಿಯಾಗಿ ನೆನಪಿದೆ. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದಾಯಿತು. ನಿನ್ನೆ ಬೆಳಿಗ್ಗೆ ಅಮ್ಮನ ಫೋನು ಬಂತು, ನಿದ್ದೆಯಲ್ಲೇ ಹೋಗಿಬಿಟ್ಟರಂತೆ.

*

"ಕೂಗ್ತೀನಿ," ಅಂದಳು.

ಜನ ದಾರಿ ಬಿಟ್ಟರು. ಕುಲುಮೆಯ ಬಾಯಿಗೆ ಬಂದು ಬಗ್ಗಿದಳು. ಒಳಗೆ ಕತ್ತಲು, ತಂಪು, ಹಳೆಯ ಮಸಿಯ ವಾಸನೆ. ಅದರ ನಡುವೆ ಅಪ್ಪನ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಹೋಗದ ವಾಸನೆ ಅದು, ಸತ್ತ ಮೇಲೂ ಹೋಗಿರಲಿಲ್ಲ. ಅವನ ತಲೆ ಈ ಕಡೆಗಿತ್ತು. ಕಾಲು ಕತ್ತಲಲ್ಲಿ ಕಾಣುತ್ತಿರಲಿಲ್ಲ.

"ಅಪ್ಪಾ."

ಪಿಸುಮಾತಿನಷ್ಟೇ ಬಂತು. ಮೇಸ್ತ್ರಿ ಹಿಂದಿನಿಂದ ಅಂದ: "ಇನ್ನೂ ಗಟ್ಟಿಯಾಗಿ ತಾಯಿ. ಡ್ರಮ್ಮಲ್ಲಿ ಇರೋವನಿಗೆ ಇದು ಕೇಳಿಸಲ್ಲ."

"ಅಪ್ಪಾ!"

ಕುಲುಮೆ ಅವಳ ದನಿಯನ್ನು ನುಂಗಿ, ದಪ್ಪಗೆ ಮಾಡಿ ವಾಪಸು ಕೊಟ್ಟಿತು. ಆಗ ಅವಳಿಗೆ ಗೊತ್ತಾಯಿತು, ಕೆರೆಯುವ ಸದ್ದು ನಿಂತಿತ್ತು. ಅಂದರೆ ಇಷ್ಟು ಹೊತ್ತೂ ಅದು ನಿಜವಾಗಿಯೇ ಇತ್ತು. ತಿರುಗಿ ಓಡಿಬಿಡಬೇಕು ಅನ್ನಿಸಿತು. ಓಡಲಿಲ್ಲ. ಎರಡು ವರ್ಷದ್ದೆಲ್ಲ ಸೇರಿಸಿ, ಹೊಟ್ಟೆಯ ಬುಡದಿಂದ, ಮೂರನೇ ಸಲ ಕೂಗಿದಳು.

"ಅಪ್ಪಾ!"

"ಆಂ... ಬಂದೇ," ಅಂತು ಒಳಗಿನಿಂದ. "ಬಂದೆ ಕಣಮ್ಮಾ."

ಗಂಡಸಿನ ದನಿ. ಅಪ್ಪನ ಕಾಲಿನ ಆಚೆ, ಕತ್ತಲಿನೊಳಗಿಂದ.

ಗರ ಬಡಿದವರಂತೆ ಎಲ್ಲರೂ ನಿಂತರು. ಯಾರದೋ ಕೈಯಿಂದ ಫೋನು ಬಿದ್ದು ಚೂರಾಯಿತು. ಬೆಂಚಿನಿಂದ ಅಮ್ಮ ಎದ್ದು ನಿಂತು, "ಬಂದ್ರಾ?" ಅಂದಳು, ಊಟಕ್ಕೆ ಬಂದವರನ್ನು ಕೇಳುವ ಹಾಗೆ. ಮಗಳು ಎರಡು ಕೈಯಲ್ಲೂ ತಟ್ಟೆಯ ಅಂಚು ಹಿಡಿದುಕೊಂಡು ಅಪ್ಪನ ತುಟಿಗಳನ್ನೇ ನೋಡುತ್ತಿದ್ದಳು. ಅವು ಮುಚ್ಚಿಯೇ ಇದ್ದವು.

ಮೊದಲು ಮೈ ತಿಳಿದವನು ಮೇಸ್ತ್ರಿ. "ಹಿಂದೆ ಯಾರೋ ಇದ್ದಾರೆ ಕಣ್ರೋ!" ಅಂತ ಅರಚಿದ. "ಗುಂಡಿ ಹತ್ರ ಯಾರೂ ಹೋಗ್ಬೇಡಿ!"

"ಸಾಧ್ಯವೇ ಇಲ್ಲ," ಆಪರೇಟರು ತೊದಲಿದ. "ಹಿಂದಿನ ಬಾಗಿಲು ತೆಗೆದಿದ್ರೆ ಕೆಂಪು ದೀಪ ಬರ್ಬೇಕು. ಹಸಿರೇ ಇದೆ, ನೋಡಿ..."

ಆ ಮಾತು ಮುಗಿಯುವ ಮುಂಚೆ ಅಳಿಯ ಓಡಿದ್ದ. ಕುಲುಮೆಯ ಹಿಂದೆ ಹೊಗೆ ಹೋಗುವ ಸುರಂಗಕ್ಕೆ ಒಂದು ಗಿಡ್ಡ ಬಾಗಿಲು. ಅದು ಹಾರು ಹೊಡೆದಿತ್ತು. ಒಳಗಿಂದ ಮೊದಲು ಎರಡು ಪಾದ ಬಂದವು, ಆಮೇಲೆ ಸೊಂಟ, ಆಮೇಲೆ ತಲೆಯಿಂದ ಕಾಲಿನವರೆಗೆ ಬೂದಿ ಬಳಿದುಕೊಂಡ ಒಬ್ಬ ಮನುಷ್ಯ. ಕೈಯಲ್ಲಿ ಗಾರೆ ಕೆರೆಯುವ ಕರಣೆ. ರಿಪೇರಿಗೆ ಬಂದಿದ್ದ ಗಾರೆಯವನು. ನಿನ್ನೆ ಸಂಜೆ ಕೆಲಸ ಮುಗಿದಿತ್ತು, ಪುಸ್ತಕದಲ್ಲಿ ಮುಗಿದಿದೆ ಅಂತ ಬರೆದೂ ಆಗಿತ್ತು. ಒಂದು ಇಟ್ಟಿಗೆ ಸರಿಯಾಗಿ ಕೂತಿಲ್ಲ ಅಂತ ರಾತ್ರಿಯೆಲ್ಲ ಅವನಿಗೆ ಮನಸ್ಸು ಒಪ್ಪದೆ ಬೆಳಿಗ್ಗೆ ಮತ್ತೆ ಬಂದಿದ್ದ. ಕಾವಲುಗಾರನಿಗೆ ಹೇಳಿಯೇ ಒಳಗೆ ಹೋಗಿದ್ದ. ಕಾವಲುಗಾರನ ಪಾಳಿ ಬದಲಾಯಿತು, ಹೇಳುವುದು ಮರೆತುಹೋಯಿತು.

"ನಮ್ಮ ಹುಡುಗಿ ಬುತ್ತಿ ತರ್ತೀನಿ ಅಂದಿದ್ಳು," ಅಂದ ಅವನು ಕಣ್ಣುಜ್ಜಿಕೊಳ್ಳುತ್ತ. "ಅಪ್ಪಾ ಅಂತ ಕೂಗಿದ್ದು ಕೇಳಿಸ್ತು. ಅವಳೇ ಅನ್ಕೊಂಡೆ. ಇಷ್ಟೊಂದು ಜನ ಯಾಕೆ?"

ಯಾರೋ ಅವನಿಗೆ ಹೇಳಿದರು. ಅವನು ಹಾಗೇ ನೆಲಕ್ಕೆ ಕುಸಿದು ಕೂತ.

ಅಳಿಯ ಬಾಗಿಲ ಚೌಕಟ್ಟಿನ ಹತ್ತಿರ ಬಗ್ಗಿ ನಿಂತಿದ್ದ. ಅಲ್ಲಿ ಒಂದು ಸಣ್ಣ ಸ್ವಿಚ್ಚು. ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳಬೇಕಾದ ಅದರ ನಾಲಗೆಯನ್ನು ಯಾರೋ ತಂತಿ ಸುತ್ತಿ ಕಟ್ಟಿಬಿಟ್ಟಿದ್ದರು.

"ಅದು ಸುಮ್ಸುಮ್ನೆ ಕೆಂಪು ತೋರಿಸ್ತಿತ್ತು," ಆಪರೇಟರು ಅಳುವ ದನಿಯಲ್ಲಿ ಅಂದ. "ಹೆಣ ಇಟ್ಕೊಂಡು ಜನ ಬಯ್ಯೋರು. ನಾಲ್ಕು ಸಲ ಬರೆದುಕೊಟ್ಟೆ, ಯಾರೂ ಬರ್ಲಿಲ್ಲ. ಆಮೇಲೆ ಕಟ್ಟಿದೆ. ಯಾರಿಗೂ ಏನೂ ಆಗಿರ್ಲಿಲ್ಲ ಸಾರ್, ಇಷ್ಟು ದಿನ ಏನೂ ಆಗಿರ್ಲಿಲ್ಲ."

ಅಳಿಯ ತಂತಿಯ ಗಂಟನ್ನು ಉಗುರಿನಿಂದ ಬಿಡಿಸತೊಡಗಿದ. ಅಂಥ ಗಂಟು ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಹಳ ಹೊತ್ತು ಹಿಡಿಯಿತು. ಬಿಚ್ಚಿ, ಎದ್ದು, ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಭುಜಗಳು ಕುಲುಕುತ್ತಿದ್ದುದು ಎಲ್ಲರಿಗೂ ಕಂಡಿತು.

ಗಾರೆಯವನು ಎದ್ದು ಮುಂದಿನ ಕಡೆಗೆ ಬಂದ. ಮಗಳ ಮುಖ ನೋಡಿದ.

"ಕೂಗಿದ್ದು ನೀವಾ?"

"ಹೂಂ."

ತಟ್ಟೆಯ ಕಡೆ ನೋಡಿದ. "ಇವರು ನಿಮ್ಮ...?"

"ನಮ್ಮಪ್ಪ."

ಸುರಂಗದಿಂದ ಉದುರಿದ ಮಸಿ ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಅದನ್ನು ಒರೆಸಲು ಹೋಗಿ ತನ್ನ ಬೂದಿ ಕೈಯಿಂದ ಇನ್ನಷ್ಟು ಕೊಳೆ ಮಾಡಿದ. ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದುಕೊಂಡ. ಪರವಾಗಿಲ್ಲ ಬಿಡಿ, ಅಂದಳು ಅಮ್ಮ.

ಹಿಂದಿನ ಬಾಗಿಲು ಮುಚ್ಚಿದರು. ಮೇಸ್ತ್ರಿ ತಾನೇ ಹೋಗಿ ಅಲುಗಿಸಿ ನೋಡಿ ಬಂದ. ಆಪರೇಟರು ಗುಂಡಿಯ ಹತ್ತಿರ ನಿಂತ.

"ಮಧ್ಯೆ ನಿಂತುಹೋದ್ರೆ ಮತ್ತೆ ಮೊದಲಿಂದ ಕೂಗ್ಬೇಕು," ಮೇಸ್ತ್ರಿ ತಗ್ಗಿದ ದನಿಯಲ್ಲಿ ಅಂದ. "ನಿನ್ನ ಕೈಲಾಗದಿದ್ರೆ ಬೇಡ ತಾಯಿ. ನಾನು ಕೂಗ್ತೀನಿ."

"ಬೇಡ. ನಾನೇ ಕೂಗ್ತೀನಿ. ನಾನೇ ಹೇಳ್ಬೇಕಲ್ಲ."

ಕೂಗಿದಳು. ಈ ಸಲ ದನಿ ನಡುಗಲಿಲ್ಲ. ಅಪ್ಪಾ. ಕುಲುಮೆ ಅದನ್ನು ತಗೊಂಡಿತು. ಅಪ್ಪಾ. ಹೊರಗಿನ ರಸ್ತೆಯಲ್ಲಿ ಹನ್ನೊಂದು ಗಂಟೆಯ ಗಾಡಿ ಬಂದು ನಿಂತ ಸದ್ದಾಯಿತು. ಅಪ್ಪಾ. ದನಿ ಒಳಗಿನ ಇಟ್ಟಿಗೆಗಳಿಗೆ ತಾಗಿ, ಸಣ್ಣಗಾಗಿ, ನಿಂತುಹೋಯಿತು.

ಎಣಿಸತೊಡಗಿದಳು. ಬಾಯಿ ಬಿಟ್ಟು ಅಲ್ಲ, ತುಟಿ ಮಾತ್ರ ಆಡುತ್ತಿತ್ತು. ಜೊತೆಗೆ ಕಾರ್ಖಾನೆಯವರ ತುಟಿಗಳೂ ಆಡಿದವು, ವರ್ಷಗಟ್ಟಲೆ ರೂಢಿ. ಗಾರೆಯವನು ಕೂಡ ಕುಲುಮೆಯ ಕಡೆಗೆ ಕಿವಿ ಕೊಟ್ಟು ನಿಂತಿದ್ದ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಎಲ್ಲರ ತುಟಿಗಳೂ ನಿಂತವು. 'ಒಳಗೆ ಯಾರೂ ಇಲ್ಲ' ಅಂತ ಅವಳ ಬಾಯಿಂದ ಬರಬೇಕಾದ ಮಾತಿಗೆ ಎಲ್ಲರೂ ಕಾದರು.

ಅವಳ ತುಟಿ ನಿಂತಿರಲಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಆಪರೇಟರು ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ತಲೆಯಾಡಿಸಲಿಲ್ಲ. ಆಪರೇಟರು ಗುಂಡಿಯಿಂದ ಕೈ ತೆಗೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವಳು ತಲೆ ಬಗ್ಗಿಸಿ, ಅಪ್ಪನ ಮುಖಕ್ಕೆ ಕಿವಿ ಹತ್ತಿರ ಹಿಡಿದು, ಎಣಿಸುತ್ತಲೇ ಇದ್ದಳು.